ಇನ್ನೂ ಒಪ್ಸಕಾಯ್ತಿಲ್ಲ ಸಾ

ಹೊಸದಾಗಿ ಉಪದೇಶಿ ಕೆಲಸಕ್ಕೆ ಸೇರಿರುವವರಿಗೆ ಪ್ರಯೋಜನವಾಗುವಂಥ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ಸಭೆಯ ಈಗಿನ ಅಯ್ಯನವರು ಕೇಳಿದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ನಿವೃತ್ತನಾದವನಿಗೆ ಯಾರಾದರೂ ಏನಾದರೂ ಕೇಳಿದರೆ ಸಾಕು ಎನ್ನುವಂತಾಗಿರುತ್ತದೆ. ಕೊಳ್ಳೇಗಾಲದ ಮನೆಯ ಜಗಲಿಯ ಮೇಲೆ ಕಾಗದ ಹರಡಿಕೊಂಡು ಕುಳಿತ ಮೇಲೆ ಈಗ ತಲೆ ಕೆರೆದುಕೊಳ್ಳುತ್ತಿದ್ದೇನೆ. ಅವರಿಗೆ ಬೇಕಾಗಿರುವುದು ಬುದ್ಧಿಮಾತು. ನನ್ನ ಹತ್ತಿರ ದಂಡಿಯಾಗಿ ಉಳಿದಿರುವುದು ಗೊಂದಲ. ಇರುವುದನ್ನೇ ಬರೆಯುತ್ತೇನೆ, ಬೇಡವಾದದ್ದನ್ನು ಅಯ್ಯನವರು ಹೊಡೆದುಹಾಕಲಿ.

ಉಪದೇಶಿ ಎಂದರೆ ಪಾದ್ರಿಯಲ್ಲ. ಅಷ್ಟೊಂದು ಊರುಗಳಿಗೆ ಪಾದ್ರಿ, ಅಂದರೆ ಅಯ್ಯನವರು, ಒಬ್ಬರೇ ಇರುವಾಗ, ಅವರು ಬರಲಾಗದ ಭಾನುವಾರ ಆರಾಧನೆ ನಡೆಸುವವನು ಉಪದೇಶಿ. ಕಾಯಿಲೆಯವರ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡುವವನು, ಚಿಕ್ಕವರಿಗೂ ದೊಡ್ಡವರಿಗೂ ವೇದದ, ಅಂದರೆ ಬೈಬಲ್ಲಿನ, ವಾಕ್ಯ ಕಲಿಸುವವನು, ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವಾಗ ಗುಂಡಿಯ ತಲೆಕಡೆ ನಿಲ್ಲುವವನು. ರೊಟ್ಟಿ, ದ್ರಾಕ್ಷಾರಸದ ಕರ್ತನ ಭೋಜನವನ್ನು ಮಾತ್ರ ಅಯ್ಯನವರೇ ಬಂದು ಕೊಡಬೇಕು. ಮಿಕ್ಕ ಕೆಲಸಕ್ಕೆಲ್ಲ ನಾವೇ. ಬಡ್ತಿಯ ವಿಚಾರ ಕೇಳಬೇಡಿ. ಉಪದೇಶಿಯಾಗಿ ಸೇರಿದವನು ಉಪದೇಶಿಯಾಗಿಯೇ ಇಳಿಯುತ್ತಾನೆ.

ನನ್ನ ಪಾಲಿಗೆ ಬಂದದ್ದು ಮಧುವನಹಳ್ಳಿ ಕಡೆಯ ಕೆಲವು ಮನೆ, ಯಳಂದೂರು ಕಡೆಯ ಕೆಲವು ಮನೆ, ಹನೂರಿನಿಂದ ಆಚೆ ಲೊಕ್ಕನಹಳ್ಳಿಯ ಒಂದು ಪುಟ್ಟ ಸಭೆ. ಬಸ್ಸು ಇರುವ ಕಡೆ ಬಸ್ಸು, ಇಲ್ಲದ ಕಡೆ ಸೈಕಲ್ಲು. ಈ ಕೆಲಸಕ್ಕೆ ನನ್ನನ್ನು ಆರಿಸಿದ್ದು ನನ್ನ ಭಕ್ತಿ ನೋಡಿ ಅಲ್ಲ, ಜ್ಞಾಪಕ ನೋಡಿ. ಒಂದು ಅಧ್ಯಾಯವನ್ನು ಎರಡು ಸಲ ಓದಿದರೆ ನನಗೆ ಬಾಯಿಪಾಠ ಆಗುತ್ತಿತ್ತು. ಊರಿನವರು ನನಗೆ ವಾಕ್ಯದ ಸಾ ಎಂದೇ ಹೆಸರಿಟ್ಟಿದ್ದರು. ನನ್ನ ಹೆಂಡತಿ ಮಾತ್ರ, "ಪ್ರವಾದಿಗಳೆಲ್ಲ ಎಲ್ಲೆಲ್ಲಿ ಏನೇನ್ ಹೇಳಿದ್ದಾರೆ ಅಂತ ಗೊತ್ತು, ಮನೇಲಿ ಉಪ್ಪಿನ ಡಬ್ಬ ಎಲ್ಲಿದೆ ಅಂತ ಗೊತ್ತಿಲ್ಲ" ಎನ್ನುತ್ತಿದ್ದಳು. ಆಗ ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ವಾರ ಒಂದು ವಾಕ್ಯ ಕೊಡುವುದು, ಮುಂದಿನ ಭಾನುವಾರ ಅದನ್ನು ಒಪ್ಪಿಸಿಕೊಳ್ಳುವುದು. ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಾರಲ್ಲ, ಹಾಗೆ. ಆರಾಧನೆ ಮುಗಿದ ಮೇಲೆ ನಾನು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಸಾಲಾಗಿ ಬಂದು ವಾಕ್ಯ ಒಪ್ಪಿಸಿದವರು ಆಚೆ ಹೋಗಬಹುದು, ಒಪ್ಪಿಸದವರಿಗೆ ದಾರಿಯಿಲ್ಲ. ತಮಾಷೆಗೇ ಅನ್ನಿ, ಆದರೆ ಒಲೆಯ ಮೇಲೆ ಸಾರಿಟ್ಟು ಬಂದಿದ್ದ ಹೆಂಗಸರಿಗೆ ಅದು ತಮಾಷೆಯಾಗಿರಲಿಲ್ಲ. ಗಡಿಬಿಡಿಯಲ್ಲಿ ಹೋದ ವಾರದ್ದನ್ನೂ ಈ ವಾರದ್ದನ್ನೂ ಸೇರಿಸಿ ಹೇಳಿ ಓಡಿಬಿಡುತ್ತಿದ್ದರು.

ಮೊದಲ ವರ್ಷಗಳಲ್ಲಿ ಮಾಡಿದ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಯಳಂದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಹಾಸಿಗೆ ಹಿಡಿದಿದ್ದ ಮುದುಕರೊಬ್ಬರನ್ನು ನೋಡಲು ಹೋಗಿದ್ದೆ. ಮನೆಯವರು ಕಣದ ಕೆಲಸದಲ್ಲಿದ್ದರು. ಕಷ್ಟ ಸಹಿಸುವುದರ ಮೇಲೆ ಒಂದು ಅಧ್ಯಾಯ ಹೇಳಲು ಶುರುಮಾಡಿದೆ. ಮುದುಕರು ಸಣ್ಣ ದನಿಯಲ್ಲಿ "ನೀರು" ಎಂದರು. ನನಗೆ ಮೈ ಜುಮ್ಮೆಂದಿತು. ಬಾವಿಗೆ ನೀರು ಸೇದಲು ಬಂದ ಹೆಂಗಸಿಗೆ ಯೇಸು ಹೇಳಿದ ಜೀವಜಲದ ಮಾತು ಇವರ ನೆನಪಿಗೆ ಬಂದಿದೆ ಎಂದುಕೊಂಡು, ಹೇಳುತ್ತಿದ್ದುದನ್ನು ಅಲ್ಲಿಗೇ ನಿಲ್ಲಿಸಿ ಆ ಭಾಗಕ್ಕೆ ಹೊರಳಿದೆ. ಅವರು ಇನ್ನೊಮ್ಮೆ "ನೀರು" ಎಂದರು. ನಾನು ಇನ್ನಷ್ಟು ಉತ್ಸಾಹದಿಂದ ಮುಂದುವರಿಸಿದೆ. ಕಣದಿಂದ ಬಂದ ಸೊಸೆ ಚೊಂಬು ಹಿಡಿದು ಅವರ ತಲೆ ಎತ್ತಿ ಕುಡಿಸಿದಳು. ಗಟಗಟನೆ ಕುಡಿದು, ನನ್ನ ಕಡೆ ನೋಡಿ, "ಈಗ ಅದೇನ ಏಳ್ತೀರೋ ಏಳಿ ಸಾ" ಎಂದರು. ಮಡಕೆ ಇದ್ದದ್ದು ನನ್ನ ಮೊಣಕೈ ಪಕ್ಕದಲ್ಲೇ.

ಈ ಕಥೆಯನ್ನು ಹೊಸ ಉಪದೇಶಿಗಳಿಗೆ ಹೇಳಿದರೆ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅದರಿಂದ ನಾನು ಬುದ್ಧಿ ಕಲಿತೆ ಎಂದು ತಿಳಿಯಬೇಡಿ. ಅಂದಿನಿಂದ ಕಾಯಿಲೆಯವರ ಮನೆಗೆ ಹೋದಾಗ ಮೊದಲು ನೀರು ಕೊಡುತ್ತಿದ್ದೆ, ಆಮೇಲೆ ಅಷ್ಟೇ ಉದ್ದದ ಅಧ್ಯಾಯ ಹೇಳುತ್ತಿದ್ದೆ.

ಕಲಿಸುವ ವಿಧಾನ ಮಾತ್ರ ಬದಲಾಗುತ್ತಾ ಬಂತು. ಮೊದಲು ಉಣ್ಣೆ ಬಟ್ಟೆ ಹೊದಿಸಿದ ಹಲಗೆ, ಅದಕ್ಕೆ ಅಂಟುವ ಚಿತ್ರಗಳು. ಮನೆಬಿಟ್ಟು ಹೋಗಿ ಹಂದಿ ಕಾಯುತ್ತಿದ್ದ ಮಗ ತಿರುಗಿ ಬಂದ ಕಥೆ ಹೇಳುವಾಗ ಗಾಳಿ ಬೀಸಿ, ಮಗನನ್ನು ತಬ್ಬಿಕೊಳ್ಳಬೇಕಾದ ತಂದೆ ಹಂದಿಯನ್ನು ತಬ್ಬಿಕೊಂಡು ನಿಂತಿದ್ದನ್ನು ಲೊಕ್ಕನಹಳ್ಳಿಯವರು ಇನ್ನೂ ಮರೆತಿಲ್ಲ. ಆಮೇಲೆ ಕ್ಯಾಸೆಟ್ಟು ಬಂತು. ಈಗ ಫೋನಿನಲ್ಲಿ ವೇದವೆಲ್ಲ ಇದೆ, ಹುಡುಕಿದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತದೆ. ನನ್ನ ಇಡೀ ಜೀವಮಾನದ ಬಂಡವಾಳ ಎಲ್ಲರ ಜೇಬಿನಲ್ಲೂ ಕೂತಿದೆ. ಇದರಿಂದ ನನಗೆ ಹೊಟ್ಟೆಕಿಚ್ಚಾಗುತ್ತದೆ ಎಂದು ಬರೆಯಲು ನಾಚಿಕೆಯಿಲ್ಲ.

ಇನ್ನು ರಾಯ್ಲಮ್ಮನ ವಿಷಯ. ನಾನು ಹೇಳಬೇಕೆಂದು ಕುಳಿತದ್ದು ನಿಜವಾಗಿ ಇದೊಂದನ್ನೇ.

ಹೆಸರು ರಾಹೇಲಮ್ಮ. ಹಕಾರ ನುಂಗುವ ನಮ್ಮ ಸೀಮೆಯ ಬಾಯಲ್ಲಿ ರಾಯ್ಲಮ್ಮ. ಲೊಕ್ಕನಹಳ್ಳಿಯ ಕಾಡಂಚಿನಲ್ಲಿ ಅವಳ ಹೊಲ. ಒಂದು ಬದುವಿನ ಆಚೆ ಅವಳ ಗಂಡನ ತಮ್ಮ ದಾನಿಯೇಲನ ಹೊಲ. ಈ ದಾನಿಯೇಲ ನನ್ನ ಶಿಷ್ಯರಲ್ಲೆಲ್ಲ ಮೊದಲಿಗ. ಕೊಟ್ಟ ವಾಕ್ಯ ಬಿಡಿ, ಕೊಡದೆ ಇದ್ದದ್ದನ್ನೂ ಕಲಿತು ಬಂದು ಒಪ್ಪಿಸುತ್ತಿದ್ದ. ಅವನು ಸಾಲಿನಲ್ಲಿ ನಿಂತಿದ್ದರೆ ನನಗೆ ಹೆತ್ತವನಿಗಾಗುವಷ್ಟು ಹೆಮ್ಮೆ. ರಾಯ್ಲಮ್ಮ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದಳು. ಓದು ಬರುತ್ತಿರಲಿಲ್ಲ, ಹೇಳಿಕೊಟ್ಟದ್ದು ನಿಲ್ಲುತ್ತಿರಲಿಲ್ಲ.

ಬದುವಿನ ವಿಚಾರಕ್ಕೆ ಅಣ್ಣ ತಮ್ಮಂದಿರಿಗೆ ಮನಸ್ತಾಪ ಇತ್ತು. ಹೀಗಿರುವಾಗ ಒಂದು ಸಂಜೆ ಮೇವಿನ ಮೆದೆಗೆ ಕೈಹಾಕಿದ ರಾಯ್ಲಮ್ಮನ ಗಂಡನಿಗೆ ಹಾವು ಕಚ್ಚಿತು. ಮರುದಿನ ಮಧ್ಯಾಹ್ನ ನಾನು ಹೋಗುವಷ್ಟರಲ್ಲಿ ಗುಂಡಿ ತೆಗೆದಿದ್ದರು. ಅಯ್ಯನವರು ದೂರದಲ್ಲಿದ್ದರು, ಮಣ್ಣು ಮಾಡುವ ಕೆಲಸ ನನ್ನದೇ. ಕರ್ತನನ್ನು ಕುರುಬನೆಂದು ಕರೆಯುವ ಕೀರ್ತನೆಯನ್ನು ಹೇಳಲು ತಮ್ಮನಾದ ದಾನಿಯೇಲನನ್ನೇ ಕರೆದೆ. ಅವನು ಪುಸ್ತಕ ಮುಟ್ಟದೆ ಹೇಳಿದ. ಒಂದಕ್ಷರ ತಪ್ಪಲಿಲ್ಲ. ಅಂಥ ದುಃಖದಲ್ಲೂ ಹೇಗೆ ಹೇಳಿದ ಎಂದು ನಾನು ಅವನ ಬೆನ್ನು ತಟ್ಟಿದೆ. ರಾಯ್ಲಮ್ಮ ಗುಂಡಿಯ ಕಡೆ ನೋಡುತ್ತಿರಲಿಲ್ಲ. ಅವನ ಬಾಯನ್ನು ನೋಡುತ್ತಿದ್ದಳು.

ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ವಿಷಯ ಹೇಳಿದವನು ಅವರ ಪಕ್ಕದ ಹೊಲದ ಮಾದಪ್ಪ. ನಮ್ಮ ಸಭೆಯವನಲ್ಲ, ಊರಿನವನು.

"ಹಾವು ಕಚ್ದಾಗ ರಾಯ್ಲಮ್ಮ ಮೊದ್ಲು ಓಗಿದ್ದು ಈ ದಾನೇಲನ್ ಮನೆ ಬಾಕ್ಲಿಗೇ ಸಾ. ಆ ಓಣಿಲಿ ಮೊಪೆಡ್ ಇರದು ಇವನೊಬ್ಬಂದೇಯ. ಪೆಟ್ರೋಲ್ ಇಲ್ಲ ಅತ್ಗೆ ಅಂದ್ಬುಟ್ಟ. ನಾನು ಗಾಡಿ ಕಟ್ಕಂಡು ದೊಡ್ ರಸ್ತೆಗೆ ಓಗಿ, ಲಾರಿಗೆ ಕೈ ಅಡ್ಡ ಆಕಿ, ಕೊಳ್ಳೇಗಾಲ ಮುಟ್ಟೋಸ್ಟ್ರಲ್ಲಿ ಮುಗ್ದೋಯ್ತು."

"ಪೆಟ್ರೋಲ್ ಇಲ್ಲದಿದ್ದರೆ ಅವನಾದರೂ ಏನು ಮಾಡ್ತಾನೆ ಮಾದಪ್ಪ?"

"ಬೆಳಿಗ್ಗೆ ಎದ್ದು ಹೆಣಕ್ಕೆ ಬಟ್ಟೆ ತರಕ್ಕೆ ಅಂತ ಅದೇ ಮೊಪೆಡ್‌ನಲ್ಲಿ ಹನೂರಿಗೆ ಓದ ಕಣ್ರಿ. ರಾಯ್ಲಮ್ಮ ಆ ಸದ್ದ ಕೇಳಿಸ್ಕಂಡು ಎಣದ ಪಕ್ಕ ಕುಂತಿತ್ತು. ಪುರಾಣ ಏಳಕ್ಕೆ, ಬದ್ನೆಕಾಯಿ ತಿನ್ನಕ್ಕೆ ಅಂತಾರಲ್ಲ, ಅಂಗೆ ಇವನ್ದು."

ಬಸ್ಸು ಹತ್ತದೆ ಹಿಂತಿರುಗಿದೆ. ದಾನಿಯೇಲನನ್ನು ಕೇಳಿದೆ. ಇಲ್ಲ ಸಾ, ಬೆಳಿಗ್ಗೆ ಯಾರೋ ಕೊಟ್ಟರು ಎಂದ. ಯಾರು ಎಂದರೆ ಹೇಳಲಿಲ್ಲ. ಕ್ಷಮೆಯ ಮೇಲೆ ಒಂದಿಡೀ ಅಧ್ಯಾಯ ಮಾತ್ರ ಹೇಳಿದ. ನಾನು ಕಲಿಸಿದ್ದೇ ಅದು.

ಆಮೇಲಿನ ವಾರ ರಾಯ್ಲಮ್ಮನ ಮನೆಗೆ ಹೋಗಿ ಮಾತಾಡಿಸಿದೆ. ಹೊರಡುವಾಗ ನಾನು ಹೇಳಿದ ಎರಡು ಮಾತು ಚೆನ್ನಾಗಿ ನೆನಪಿದೆ. "ಮೈದುನನ ಮೇಲಿರೋ ಸಿಟ್ಟನ್ನು ದೇವರಿಗೆ ಒಪ್ಪಿಸಿಬಿಡಮ್ಮ" ಎಂದೆ. ಅದೇ ಉಸಿರಿನಲ್ಲಿ, ದೇವರು ನಮ್ಮನ್ನು ಕ್ಷಮಿಸಿದಂತೆ ನಾವೂ ಕ್ಷಮಿಸಬೇಕು ಎಂಬ ಅರ್ಥದ ಒಂದು ವಾಕ್ಯ ಹೇಳಿಕೊಟ್ಟು, "ಬರೋ ಭಾನುವಾರ ಒಪ್ಪಿಸು" ಎಂದೆ. ಮೊದಲನೆಯದು ನನ್ನ ಬಾಯಿಗೆ ರೂಢಿಯಾಗಿದ್ದ ಮಾತು, ಎಲ್ಲರಿಗೂ ಹೇಳುತ್ತಿದ್ದದ್ದೇ. ಎರಡನೆಯದು ನನ್ನ ಕೆಲಸ.

ಭಾನುವಾರ ಬಾಗಿಲಲ್ಲಿ ನಿಂತಿದ್ದೆ. ಎಲ್ಲರ ಕೊನೆಗೆ ಬಂದಳು.

"ಒಪ್ಪಿಸ್ತೀಯೇನಮ್ಮ?"

"ಇನ್ನೂ ಒಪ್ಸಕಾಯ್ತಿಲ್ಲ ಸಾ."

"ಪರವಾಗಿಲ್ಲ. ಮುಂದಿನ ವಾರ ನೋಡೋಣ."

ಮುಂದಿನ ವಾರವೂ ಅದೇ. ಅದರ ಮುಂದಿನ ವಾರವೂ ಅದೇ. ವಾಕ್ಯ ಉದ್ದವಾಯಿತೇನೋ ಎಂದು ನಾನು ಬುದ್ಧಿವಂತಿಕೆ ಓಡಿಸಿದೆ. "ಒಂದು ಕೆಲಸ ಮಾಡು. ಮೊದಲು ಅರ್ಧ ಒಪ್ಪಿಸು, ಮಿಕ್ಕರ್ಧ ಮುಂದಿನ ವಾರ" ಎಂದೆ.

"ಅರ್ಧ ಒಪ್ಸದು ಎಂಗೆ ಸಾ? ಅರ್ಧ ಇಟ್ಕಂಡ್ರೆ ಒಪ್ಸ್ದಂಗಾಯ್ತದಾ?"

"ಅಭ್ಯಾಸ ಮಾಡಿದರೆ ಆಗುತ್ತೆ. ಮೇವು ಕೊಯ್ಯುವಾಗ, ದನ ಮೇಯಿಸುವಾಗ ನೆನೆಸ್ಕೊ."

"ಮೇವು ಕುಯ್ವಾಗ್ಲೇ ಸಾ ಜಾಸ್ತಿ ಬರದು. ಬದದ ಆಚಗೆ ಅಂವ ಕಾಣ್ತಾನಲ್ಲ."

"ಬರ್ತದಲ್ಲ, ಹಾಗಾದ್ರೆ ಒಳ್ಳೇದೇ ಆಯ್ತು" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಹೋದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಇಲ್ಲಿ ಎತ್ತು ಯಾವುದು, ಕೋಣ ಯಾವುದು ಎಂದು ಹೇಳಬೇಕಾಗಿಲ್ಲ.

ಹೀಗೆ ವರ್ಷಗಳು ಹೋದವು. ಉತ್ಪ್ರೇಕ್ಷೆಯಲ್ಲ, ವರ್ಷಗಳೇ. ಅಷ್ಟು ಕಾಲವೂ ಅವಳು ಕರ್ತನ ಭೋಜನಕ್ಕೆ ಮುಂದೆ ಬರಲಿಲ್ಲ. ಅಯ್ಯನವರು ಬಂದು ಬಟ್ಟಲು ಎತ್ತಿಕೊಂಡರೆ ಎದ್ದು ಆಚೆ ಹೋಗಿ ಹುಣಸೆಮರದ ಕೆಳಗೆ ನಿಲ್ಲುತ್ತಿದ್ದಳು. ಸಭೆಯಲ್ಲಿ ಹುಟ್ಟಿ ಬೆಳೆದವಳು, ಚಿಕ್ಕಂದಿನಿಂದ ತೆಗೆದುಕೊಂಡವಳು. ಒಮ್ಮೆ ನಾನು ಹಿಂದೆಯೇ ಹೋಗಿ, "ಒಪ್ಪಿಸದೆ ಇದ್ರೂ ಪರವಾಗಿಲ್ಲ, ಬಾರಮ್ಮ, ನಾನು ಅಯ್ಯನವರಿಗೆ ಹೇಳ್ತೀನಿ" ಎಂದೆ.

"ಒಪ್ಸದೆ ತಕಂಡ್ರೆ ತಪ್ಪಲ್ವಾ ಸಾ?" ಎಂದಳು. ಕಣ್ಣಲ್ಲಿ ನೀರಿತ್ತು. ಒಂದು ವಾಕ್ಯ ಬಾರದ್ದಕ್ಕೆ ಇಷ್ಟು ಸಂಕಟವೇ ಎಂದು ನನಗೆ ಆಶ್ಚರ್ಯ. ನಮ್ಮ ಕಲಿಸುವಿಕೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಒಳಗೊಳಗೇ ಸಮಾಧಾನ ಕೂಡ.

ಆಗ ನಮ್ಮ ಮೇಲಿನವರು ಒಬ್ಬ ದೊಡ್ಡಯ್ಯನವರು. ಒಳ್ಳೆಯ ಕಂಠ, ಒಳ್ಳೆಯ ಮನಸ್ಸು, ಆದರೆ ಆನೆಯೆಂದರೆ ಜೀವಭಯ. ಒಡೆಯರಪಾಳ್ಯದ ರಸ್ತೆಯಲ್ಲಿ ಯಾವಾಗಲೋ ಒಂದು ಒಂಟಿ ಸಲಗ ಅವರ ಜೀಪಿಗೆ ಎದುರಾಗಿತ್ತಂತೆ. ಅಂದಿನಿಂದ ಲೊಕ್ಕನಹಳ್ಳಿಗೆ ಬಂದರೆ ಹೊತ್ತು ಇಳಿಯುವ ಮುಂಚೆ ಹೊರಟುಬಿಡಬೇಕು. ಆರಾಧನೆಯೂ ಓಟ, ವಿಚಾರಣೆಯೂ ಓಟ. ಭೋಜನಕ್ಕೆ ಬಾರದವರು ಯಾರು ಎಂದು ಅವರು ಕೇಳಿದಾಗ ನಾನು ರಾಯ್ಲಮ್ಮನನ್ನು ಮುಂದೆ ನಿಲ್ಲಿಸಿದೆ.

"ಏನಮ್ಮ, ಇಷ್ಟು ವರ್ಷ ಆದರೂ ಒಂದು ಒಪ್ಪಿಸೋಕೆ ಆಗಲಿಲ್ವಾ?"

"ಇಲ್ಲ ಬುದ್ದಿ. ನಂಗೆ ಅಸ್ಟು ಸಕ್ತಿ ಇಲ್ಲ."

"ಅದಕ್ಕೆ ಶಕ್ತಿ ಯಾಕೆ? ಬಾಯಿದ್ದರೆ ಸಾಕು" ಎಂದು ದೊಡ್ಡಯ್ಯನವರು ಕಿಟಕಿಯಾಚೆ ಬಿಸಿಲು ನೋಡಿದರು.

ಎಲ್ಲರೂ ನಕ್ಕರು. ದಾನಿಯೇಲ ಎಲ್ಲರಿಗಿಂತ ಜೋರಾಗಿ ನಕ್ಕ. ನಾನೂ ನಕ್ಕೆ. ರಾಯ್ಲಮ್ಮ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ದೊಡ್ಡಯ್ಯನವರು ಹೇಳಿದ್ದರಲ್ಲಿ ಏನೋ ಅರ್ಥ ಇರಬೇಕು, ತನಗೆ ತಿಳಿಯುತ್ತಿಲ್ಲ ಎನ್ನುವ ಹಾಗೆ ಅವರ ಮುಖವನ್ನೇ ನೋಡುತ್ತಾ ನಿಂತಿದ್ದಳು.

ನಾನು ಕೆಲಸದಿಂದ ಇಳಿಯುವುದಕ್ಕೆ ಸ್ವಲ್ಪ ಮುಂಚೆ ಒಂದು ದಿನ ಮಾದಪ್ಪ ಫೋನು ಮಾಡಿದ. ದಾನಿಯೇಲನಿಗೆ ಜೋಳದ ಹೊಲದಲ್ಲಿ ಕಾಡುಹಂದಿ ಗುದ್ದಿದೆ, ತೊಡೆ ಸೀಳಿಹೋಗಿದೆ, ಕೊಳ್ಳೇಗಾಲದ ಆಸ್ಪತ್ರೆಗೆ ಸೇರಿಸಿದ್ದೇವೆ, ಬನ್ನಿ ಎಂದ. ಅವನ ಹೆಂಡತಿ ಆಗ ಬಾಣಂತಿ ಮಗಳ ಮನೆಯಲ್ಲಿದ್ದಳು. ನೋವಿನಲ್ಲಿರುವವರಿಗೆ ಹೇಳುವ ವಾಕ್ಯಗಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಾ ಹೋದೆ. ಹೋಗಿ ನೋಡಿದರೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಅವನಿಗೆ ಗಂಜಿ ಕುಡಿಸುತ್ತಿದ್ದವಳು ರಾಯ್ಲಮ್ಮ. ಸೀರೆಯ ಸೆರಗು ಹರಿದು ಅರ್ಧ ಇರಲಿಲ್ಲ.

ನನ್ನನ್ನು ಕಂಡು ಎದ್ದು ನಿಂತಳು. "ಸಾ, ಒಪ್ಸ್ಬುಟ್ಟೆ" ಎಂದಳು.

ನನಗೆ ಸಂತೋಷ ಉಕ್ಕಿತು. ಇಂಥ ಹೊತ್ತಿನಲ್ಲಿ ವಾಕ್ಯ ನೆನಪಿಗೆ ಬಂತಲ್ಲ ಎಂದುಕೊಂಡು, "ಎಲ್ಲಿ, ಹೇಳಮ್ಮ, ಕೇಳೋಣ" ಎಂದೆ.

"ಏನ ಏಳದು ಸಾ?"

"ವಾಕ್ಯ. ಒಪ್ಪಿಸ್ಬಿಟ್ಟೆ ಅಂದೆಯಲ್ಲ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಮಂಚದ ಕಡೆ ಕೈ ತೋರಿಸಿದಳು. "ವಾಕ್ಯ ಅಲ್ಲ ಸಾ. ಇವನ್ನ."

ಅವಳು ಎದ್ದ ಸ್ಟೂಲಿನ ಮೇಲೆ ನಾನೇ ಕುಳಿತುಬಿಟ್ಟೆ. ಅವಳಿಗೆ ನನ್ನ ಗೊಂದಲ ಗೊತ್ತಾಗಲಿಲ್ಲ. ಹೇಳುತ್ತಾ ಹೋದಳು.

"ನೀವೇ ಅಲ್ವಾ ಸಾ ಅವತ್ತು ಏಳಿದ್ದು, ಸಿಟ್ಟ ದ್ಯಾವ್ರಿಗೆ ಒಪ್ಸ್ಬುಡು ಅಂತವ? ಆಮೇಲೆ ವಾರ ವಾರನೂ ಬಾಕ್ಲಲ್ಲಿ ನಿಂತ್ಕಂಡು ಕೇಳ್ತಿದ್ರಿ. ಇವ್ರು ಬುಡದೆ ಕೇಳ್ತಾವ್ರಲ್ಲ, ನಂದೊಂದ ಮನಸಲ್ಲಿ ಇಟ್ಕಂಡವ್ರಲ್ಲ ಅಂತ ನಂಗೆ ಅದೇ ಒಂದ್ ಬಲ. ಇಲ್ದಿದ್ರೆ ಯಾವಾಗ್ಲೋ ಬುಟ್ಬುಡ್ತಿದ್ದೆ."

ಆಗಲೇ ನಿಜ ಹೇಳಿಬಿಡಬೇಕಿತ್ತೋ ಏನೋ. "ಇವತ್ತು ಏನಾಯ್ತು, ಹೇಳು" ಎಂದೆ.

"ಬೆಳಿಗ್ಗೆ ಮೇವು ಕುಯ್ತಿದ್ದೆ. ಜೋಳದೊಳ್ಗೆ ಕಿರ್ಚ್ಕಂಡ. ಇವನ್ದೇ ದನಿ ಅಂತ ಗೊತ್ತಾಯ್ತು. ನಿಂತ್ಕಂಡೆ ಸಾ. ಸುಳ್ಯಾಕೆ ಏಳ್ಳಿ, ದ್ಯಾವ್ರು ಈಗ ಕಣ್ ಬುಟ್ಟ ಅನ್ಕಂಡೆ. ಆಮೇಲೆ, ಅಪ್ಪಾ, ನನ್ ಕೈಲಂತೂ ಆಗಕಿಲ್ಲ, ಬೇಕಾದ್ರೆ ನೀನೇ ಓಗು ಅಂದೆ."

"ಆಮೇಲೆ?"

"ಆಮೇಲೆ ನೋಡಿದ್ರೆ ನಾನೇ ಓಯ್ತಿದ್ದೆ ಸಾ. ಕಾಲು ಓಯ್ತಿದ್ವು. ಸಿಟ್ಟು ಓಗಿರ್ಲಿಲ್ಲ, ಸಿಟ್ಟ ತಕಂಡೇ ಓದೆ. ಸೆರಗರ್ದು ಇವನ್ ತೊಡೆ ಕಟ್ತಿದ್ನಲ್ಲ, ಆಗ ಸಿಟ್ಟ ಒಳಗ ಹುಡಿಕ್ದೆ. ಇರ್ಲಿಲ್ಲ. ಬದದಲ್ಲಿ ಬಿತ್ತೋ, ಜೋಳದೊಳ್ಗೆ ಬಿತ್ತೋ, ನಂಗೊತ್ತಿಲ್ಲ."

ಗಂಜಿಯ ಲೋಟವನ್ನು ಕೆಳಗಿಟ್ಟು ಮುಂದುವರಿಸಿದಳು. "ಮಾದಪ್ಪಣ್ಣನ್ನ ಕೂಗ್ದೆ. ಇವನ್ ಮನೆ ಗೂಟದಲ್ಲಿ ಮೊಪೆಡ್ ಬೀಗದ ಕೈ ನೇತಾಕಿತ್ತು. ನಾನೇ ತಕಂಡೆ." ಅವನ ಹೊದಿಕೆ ಸರಿಮಾಡಿದಳು. "ಪೆಟ್ರೋಲ್ ಇತ್ತು ಸಾ."

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ಅದೊಂದು ಅನುಕೂಲವಾಯಿತು ಎಂಬಂತೆ ಹೇಳಿದಳು. ಮಂಚದ ಮೇಲಿದ್ದ ದಾನಿಯೇಲ ಗೋಡೆಯ ಕಡೆ ಮುಖ ತಿರುಗಿಸಿದ. ನಾನು ದಾರಿಯುದ್ದಕ್ಕೂ ಜೋಡಿಸಿ ತಂದ ವಾಕ್ಯಗಳಲ್ಲಿ ಒಂದನ್ನೂ ಹೇಳದೆ ಎದ್ದು ಬಂದೆ.

ಇಷ್ಟಾದ ಮೇಲೆ ದಾನಿಯೇಲ ಮಾರ್ಪಟ್ಟು ದೇವರ ಮನುಷ್ಯನಾದ ಎಂದು ಬರೆದರೆ 'ನಾಲ್ಕು ಮಾತು' ಚೆನ್ನಾಗಿ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಕುಂಟುತ್ತಾ ಊರಿಗೆ ಬಂದ, ಅತ್ತಿಗೆಯ ಕಾಲು ಹಿಡಿದು ಅತ್ತ, ಒಂದು ಬೆಳೆಯ ಕಾಲ ನೆಟ್ಟಗಿದ್ದ. ಮುಂದಿನ ಉಳುಮೆಯಲ್ಲಿ ಮತ್ತೆ ಬದುವಿನೊಳಗೆ ಒಂದು ಸಾಲು ನೇಗಿಲು ನುಗ್ಗಿಸಿದ. ರಾಯ್ಲಮ್ಮ ಹೊಲದಲ್ಲೇ ನಿಂತು, "ಲೇ ದಾನೇಲ, ಬದ ಬುಟ್ಟು ಉಳ್ಲಾ, ಇನ್ನೊಂದ್ ಹಂದಿ ಬಂದಾತು" ಎಂದು ಕೂಗಿದ್ದನ್ನು ನಾನೇ ಕೇಳಿದ್ದೇನೆ. ಮಧ್ಯಾಹ್ನ ಅವನಿಗೂ ಮುದ್ದೆ ಕಳಿಸಿದ್ದಳು. ಸಿಟ್ಟು ಮತ್ತೆ ಬಂತೇನಮ್ಮ ಎಂದು ಕೇಳಿದೆ. "ಬತ್ತದೆ ಸಾ, ಓಯ್ತದೆ. ಅದು ಬ್ಯಾರೆ, ಇದು ಬ್ಯಾರೆ" ಎಂದಳು.

ಹಗೆ ಇಟ್ಟುಕೊಂಡು ಬಟ್ಟಲು ಮುಟ್ಟಬಾರದೆಂದು ಅಷ್ಟು ವರ್ಷ ದೂರ ನಿಂತವಳು ಕರ್ತನ ಭೋಜನಕ್ಕೆ ಮುಂದೆ ಬಂದ ಭಾನುವಾರ ನಾನು ಅಯ್ಯನವರ ಪಕ್ಕದಲ್ಲಿ ಬಟ್ಟಲು ಒರೆಸುವ ಬಟ್ಟೆ ಹಿಡಿದು ನಿಂತಿದ್ದೆ. ಮೊಣಕಾಲೂರಿ ಎರಡು ಕೈ ನೀಡಿದಳು. ಆ ವಾಕ್ಯ ಅವಳಿಗೆ ಅವತ್ತೂ ಬರುತ್ತಿರಲಿಲ್ಲ. ಈವತ್ತೂ ಬರುವುದಿಲ್ಲ. ನನಗೆ ಅಳು ಬಂತು. ಬಟ್ಟಲು ಒರೆಸುವ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡೆ.

ಈ ಕಥೆಯನ್ನು ಹೋದ ವರ್ಷ ಹೊಸ ಉಪದೇಶಿಗಳ ತರಬೇತಿಯಲ್ಲಿ ಹೇಳಿದೆ. ಸುನೀತಾ ಎಂಬ ಚುರುಕಾದ ಹುಡುಗಿ ಎದ್ದು ನಿಂತು, "ಹಾಗಾದ್ರೆ ವಾಕ್ಯ ಕಲಿಸೋದು ಬೇಡ್ವಾ ಸಾರ್?" ಎಂದಳು. ಬೇಡ ಎನ್ನಲು ಆಗಲಿಲ್ಲ. ನಾನು ಹೇಳಿದ ಮಾತಿನಿಂದಲೇ ತಾನೇ ಅವಳಿಗೆ ಒಪ್ಪಿಸಬೇಕು ಎಂಬುದು ಹೊಳೆದದ್ದು. ಬೇಕು ಎನ್ನಲೂ ಆಗಲಿಲ್ಲ. ಅಣ್ಣನಿಗೆ ಹಾವು ಕಚ್ಚಿದ ಸಂಜೆ, ಎಲ್ಲವನ್ನೂ ಕಲಿತವನ ಮನೆಯ ಗೂಟದಲ್ಲೇ ತಾನೇ ಬೀಗದ ಕೈ ನೇತಾಡುತ್ತಿದ್ದದ್ದು. ನಾನು ಬಾಗಿಲಲ್ಲಿ ನಿಂತು ಕೇಳಿದ್ದು ಒಂದು, ಅವಳು ಕೇಳಿಸಿಕೊಂಡದ್ದು ಇನ್ನೊಂದು, ಅವಳಿಗೆ ಬಲ ಕೊಟ್ಟದ್ದು ನನ್ನ ತಪ್ಪುಪ್ರಶ್ನೆ. ದೇವರು ಹೀಗೂ ಕೆಲಸ ಮಾಡುತ್ತಾನೆ ಎಂದರೆ ಅದನ್ನು ಪಾಠವಾಗಿ ಹೇಗೆ ಕಲಿಸುವುದು? "ಕಲಿಸಿ. ಆದರೆ ಮೊದಲು ನೀರು ಕೊಡಿ" ಎಂದು ಏನೋ ಹೇಳಿ ಕುಳಿತೆ. ಯಾರಿಗೂ ಅರ್ಥವಾಗಲಿಲ್ಲ, ನನಗೂ ಕೂಡ.

ಇದನ್ನೆಲ್ಲ ಈಗ ಬರೆದಿಡುತ್ತಿರುವುದಕ್ಕೆ ಇನ್ನೊಂದು ಕಾರಣ ಇದೆ. ಈಚೆಗೆ ವಾಕ್ಯಗಳು ನನ್ನಿಂದ ಜಾರಿಹೋಗುತ್ತಿವೆ. ಮೊದಲು ಹೆಸರುಗಳು ಹೋದವು, ಆಮೇಲೆ ಅಧ್ಯಾಯಗಳ ಮಧ್ಯೆ ತೂತು ಬೀಳತೊಡಗಿದವು. ಡಾಕ್ಟರು ವಯಸ್ಸು ಎನ್ನುತ್ತಾರೆ. ಈಗ ಉಪ್ಪಿನ ಡಬ್ಬವೂ ಗೊತ್ತಿಲ್ಲ, ಪ್ರವಾದಿಗಳೂ ಗೊತ್ತಿಲ್ಲ. ಹೆಂಡತಿ ಈ ಬಗ್ಗೆ ತಮಾಷೆ ಮಾಡುವುದನ್ನು ನಿಲ್ಲಿಸಿದ್ದಾಳೆ, ಅದೇ ನನಗೆ ಹೆದರಿಕೆ. ವಾಕ್ಯದ ಸಾ ಎನ್ನುವವನಿಂದ ವಾಕ್ಯ ತೆಗೆದರೆ ಉಳಿಯುವವನು ಯಾರು? ಒಳಗೆ ಹುಡುಕಿಕೊಂಡು ನೋಡಲು ಧೈರ್ಯವಿಲ್ಲ. ಅಲ್ಲಿ ಏನೂ ಇಲ್ಲದಿದ್ದರೆ ಏನು ಮಾಡಲಿ.

ಹೋದ ತಿಂಗಳು ರಾಯ್ಲಮ್ಮ ಹೊಸ ಕೊಟ್ಟಿಗೆ ಕಟ್ಟಿಸಿದಳು. ಪ್ರಾರ್ಥನೆಗೆ ನೀವೇ ಬರಬೇಕು ಎಂದು ಹೇಳಿಕಳಿಸಿದ್ದಳು. ಹೋದೆ. ಅವಳು, ಮಾದಪ್ಪ, ಕೋಲು ಹಿಡಿದ ದಾನಿಯೇಲ, ಎರಡು ಹಸು. ಏನು ಹೇಳಲಿ ಎಂದು ಯೋಚಿಸಿ, ಎಲ್ಲಕ್ಕಿಂತ ಸುಲಭವಾದದ್ದು ಎಂದು ಆ ಕುರುಬನ ಕೀರ್ತನೆಯನ್ನೇ ಹಿಡಿದೆ. ಹಸುರುಗಾವಲು ಬಂತು, ತಿಳಿನೀರು ಬಂತು. ಆಮೇಲೆ ನಿಂತುಹೋಯಿತು. ಮುಂದೆ ಕತ್ತಲೆಯ ಕಣಿವೆ ಇದೆ ಎಂದು ಗೊತ್ತು, ಅದನ್ನು ದಾಟುವ ಮಾತು ಮಾತ್ರ ಬರುತ್ತಿಲ್ಲ. ಕೊಟ್ಟಿಗೆಯಲ್ಲಿ ಹಸು ಮೇವು ಅಗಿಯುತ್ತಿತ್ತು.

ದಾನಿಯೇಲ ಮುಂದಿನ ಸಾಲು ಹೇಳಿಕೊಡಲು ಬಾಯಿ ತೆರೆದ. ರಾಯ್ಲಮ್ಮ ಅವನ ಮುಂದೆ ಕೈ ಅಡ್ಡ ಮಾಡಿದಳು. "ನೀ ಸುಮ್ಕಿರ್ಲಾ" ಎಂದಳು. ನನ್ನ ಕಡೆ ತಿರುಗಿ ಮೆಲ್ಲಗೆ, "ಒಪ್ಸ್ಬುಡಿ ಸಾ" ಎಂದಳು.

ಮಿಕ್ಕದ್ದನ್ನು ಹೇಳಿ ಮುಗಿಸಿ ಎಂದಳೋ, ಕೈಬಿಟ್ಟುಬಿಡಿ ಎಂದಳೋ. ಇಷ್ಟು ವರ್ಷ ಆ ಮಾತನ್ನು ಬಾಗಿಲಲ್ಲಿ ನಿಂತು ಕೇಳಿದವನು ನಾನು. ಈಗ ನನ್ನನ್ನೇ ಬಾಗಿಲಲ್ಲಿ ನಿಲ್ಲಿಸಿದ ಹಾಗಾಯಿತು.

"ಇನ್ನೂ ಒಪ್ಪಿಸೋಕೆ ಆಗ್ತಿಲ್ಲಮ್ಮ" ಎಂದೆ.

ರಾಯ್ಲಮ್ಮ ನನ್ನ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡಳು. ಮುಖದಲ್ಲಿ ಸಣ್ಣ ನಗೆ ಇತ್ತು.

"ಅರ್ಧ ಒಪ್ಸಿ ಸಾ" ಎಂದಳು. "ಮಿಕ್ಕರ್ಧ ಮುಂದಿನ್ ವಾರ."